ಮಹಾಕೂಟದ ಬಾಗಿಲಲ್ಲಿ ಮುಚ್ಚಿದ ಕಣ್ಣು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆ ಬಂದಿತು. ಅವನು ಈಗ ಹೊರದೇಶದಲ್ಲಿ ನೆಲೆಸಿದ್ದಾನೆ, ದೊಡ್ಡ ಹುದ್ದೆಯಲ್ಲಿದ್ದಾನೆ. ಹೆಸರು ಹೇಳದೆ ಬರೆಯುವುದಾದರೆ ಬರೆಯಬಹುದೆಂದು ಒಪ್ಪಿಗೆ ಕೊಟ್ಟಿರುವುದರಿಂದ ಇಲ್ಲಿ ಪ್ರಸ್ತಾಪಿಸುತ್ತಿದ್ದೇನೆ. ಪತ್ರದ ಜೊತೆಗೆ ಒಂದು ಛಾಯಾಚಿತ್ರವಿತ್ತು. ಅವನ ಮನೆಯ ಪಡಸಾಲೆಯ ಗೋಡೆ. ಗೋಡೆಯ ಮೇಲೆ ಕಟ್ಟು ಹಾಕಿದ ಒಂದು ಚಿತ್ರ. ಚಿತ್ರದ ತುಂಬ ಕಡುಗೆಂಪು ಹಿನ್ನೆಲೆಯ ಮೇಲೆ ಒಂದು ತಲೆಬುರುಡೆ. ಕೆಳಗಿನ ಅಂಚಿನಲ್ಲಿ ಸೀಸದ ಕಡ್ಡಿಯಿಂದ 41/150 ಎಂದು ಬರೆದು, ಕಲಾವಿದ ರುಜು ಮಾಡಿದ್ದ. ಆ ಮುದ್ರಿತ ಚಿತ್ರಕ್ಕೆ ಅವನು ತೆತ್ತ ಬೆಲೆ ನನ್ನ ಒಂದು ವರ್ಷದ ಪಿಂಚಣಿಗಿಂತ ಹೆಚ್ಚು ಎಂಬುದನ್ನು ಓದಿ ಒಂದು ಕ್ಷಣ ಕನ್ನಡಕ ತೆಗೆದು ಒರೆಸಿಕೊಂಡೆ.

ಅವನ ಸಂಕಟ ಬೆಲೆಯದಲ್ಲ. ಊರಿನಲ್ಲಿ ಒಬ್ಬರೇ ಇದ್ದ ತಂದೆಯನ್ನು ಈ ವರ್ಷ ತನ್ನಲ್ಲಿಗೆ ಕರೆಸಿಕೊಂಡಿದ್ದಾನೆ. ಆ ಹಿರಿಯರು ಚಿತ್ರದೆದುರು ಊಟಕ್ಕೆ ಕೂಡುವುದಿಲ್ಲ. ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಾರೆ. “ಇದನ್ನ ತಗದುಬಿಡಪಾ, ಮನ್ಯಾಗ ಇಂಥಾವು ಇಡಬಾರದು” ಎಂದು ಒಮ್ಮೆ ಹೇಳಿದರಂತೆ. ಆಮೇಲೆ ಮತ್ತೆ ಹೇಳಿಲ್ಲ. ಮಾತಿಲ್ಲದ ಆ ನಿರಾಕರಣೆಯೇ ಮಗನಿಗೆ ಕಷ್ಟವಾಗಿದೆ. “ಸರ್, ನೀವು ನಮಗೆ ಇತಿಹಾಸ ಕಲಿಸಿದವರು. ಇದು ನಿಜವಾಗಿಯೂ ಅಶುಭವೇ? ಅಪ್ಪನಿಗೆ ಏನೆಂದು ಹೇಳಲಿ?” ಎಂದು ಕೇಳಿದ್ದ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದ: “ಮಹಾಕೂಟದ ಬಾಗಿಲದಾಗ ನೀವು ನನ್ನ ಕಣ್ಣು ಮುಚ್ಚಿದ್ದು ನನಗ ಇನ್ನೂ ನೆನಪೈತ್ರಿ.”

ನನಗೂ ನೆನಪಿದೆ. ಆದ್ದರಿಂದಲೇ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

1984ರ ಡಿಸೆಂಬರಿನಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಶಿವಯೋಗ ಮಂದಿರ, ಮಹಾಕೂಟ, ಪಟ್ಟದಕಲ್ಲುಗಳಿಗೆ ಹೋಗಿದ್ದೆವು. ಬಸ್ಸಿಗೆ ಹಣವಿಲ್ಲದ ಕಾಲ. ಬುತ್ತಿ ಕಟ್ಟಿಕೊಂಡು ನಡೆದದ್ದೇ ಹೆಚ್ಚು. ಬೆಳಗಿನ ಜಾವ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರದ ವಟುಗಳು ಸ್ನಾನ ಮುಗಿಸಿ ಹಣೆಗೆ ವಿಭೂತಿ ಧರಿಸಿ ಸಾಲಾಗಿ ನಡೆದು ಹೋಗುವುದನ್ನು ನಮ್ಮ ಹುಡುಗರು ಬೆರಗಿನಿಂದ ನೋಡಿದರು. ಅಲ್ಲಿಂದ ಮಹಾಕೂಟಕ್ಕೆ ಬಂದೆವು.

ಮಹಾಕೂಟ ಎಂದೊಡನೆ ನಿಮಗೆಲ್ಲ ನೆನಪಾಗುವುದು ಬತ್ತದ ಬುಗ್ಗೆಯ ಆ ಪುಷ್ಕರಿಣಿ, ಅದರಲ್ಲಿ ನೀವು ಮಾಡಿದ ಈಜಾಟ. ಆದರೆ ಅಲ್ಲಿಯ ಹಳೆಯ ಪ್ರವೇಶದ್ವಾರದ ಎರಡು ಪಕ್ಕಗಳಲ್ಲಿ ನಿಂತ ಎರಡು ಶಿಲ್ಪಗಳನ್ನು ಎಷ್ಟು ಜನ ಗಮನಿಸಿದ್ದೀರೋ ತಿಳಿಯದು. ಮಾಂಸವಿಲ್ಲದ ಮೈ, ಎಣಿಸಬಹುದಾದ ಪಕ್ಕೆಲುಬುಗಳು, ಒಳಸೇರಿದ ಹೊಟ್ಟೆ. ಭೈರವ ಮತ್ತು ಚಾಮುಂಡಿ ಎಂದು ವಿದ್ವಾಂಸರು ಅವನ್ನು ಗುರುತಿಸುತ್ತಾರೆ. ಸೌಮ್ಯನಾದ ಶಿವನ ಸನ್ನಿಧಿಗೆ ಹೋಗುವವರನ್ನು ಮೊದಲು ಎದುರುಗೊಳ್ಳುವುದು ಈ ಎಲುಬಿನ ಗೂಡುಗಳು.

ಈ ಹುಡುಗ ಅಲ್ಲಿ ನಿಂತುಬಿಟ್ಟ. ಆ ವರ್ಷದ ಶ್ರಾವಣದಲ್ಲಿ ಅವನ ತಾಯಿ ತೀರಿಕೊಂಡಿದ್ದರು. ಮಣ್ಣಿಗೆ ನಾನೂ ಹೋಗಿದ್ದೆ. ಹುಡುಗ ಆ ಶಿಲ್ಪವನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ ಕೇಳಿದ: “ಸರ, ಮಣ್ಣಾಗ ಇಟ್ಟಮ್ಯಾಲ ಎಲ್ಲಾರೂ ಹಿಂಗ ಆಗತಾರೇನ್ರಿ?”

ನಾನು ಉತ್ತರಿಸಲಿಲ್ಲ. ಅವನ ಕಣ್ಣಿಗೆ ನನ್ನ ಅಂಗೈ ಅಡ್ಡ ಹಿಡಿದು, “ಅದನ್ನ ನೋಡಬ್ಯಾಡ, ನಡಿ ಮುಂದ” ಎಂದು ಹೆಗಲು ಹಿಡಿದು ಕರೆದೊಯ್ದೆ. ಮುಂದೆ ಹೋಗಿ ಉಳಿದ ಮಕ್ಕಳಿಗೆ ಮಂಗಳೇಶನ ಸ್ತಂಭಶಾಸನದ ವಿಷಯ ಹೇಳಿದೆ: ಕ್ರಿ.ಶ. 602ರ ಸುಮಾರಿನದು, ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ, ಬರೆದುಕೊಳ್ಳಿರಿ ಎಂದೆ. ಪರೀಕ್ಷೆಗೆ ಬರುವ ಇತಿಹಾಸವನ್ನು ಹೇಳಿ, ಆ ಮಗು ಕೇಳಿದ ಇತಿಹಾಸವನ್ನು ಬಿಟ್ಟೆ. ಆಗ ಹೇಳದೆ ಉಳಿಸಿಕೊಂಡದ್ದನ್ನು ಈಗ, ನಲವತ್ತು ವರ್ಷಗಳು ಕಳೆದ ಮೇಲೆ, ಅವನಿಗೂ ನಿಮಗೂ ಹೇಳಬೇಕೆನಿಸಿದೆ.

ಮೊದಲು ನಮ್ಮ ನೆಲದ ವಿಚಾರವನ್ನೇ ನೋಡೋಣ. ತಲೆಬುರುಡೆ, ಎಲುಬುಗಳ ಚಿತ್ರ ಹೊರದೇಶದವರ ವಿಕಾರ, ನಮ್ಮಲ್ಲಿ ಇಲ್ಲದ್ದು ಎಂದು ಯಾರಾದರೂ ಹೇಳಿದರೆ ಅವರನ್ನು ಬಾದಾಮಿಯ ಒಂದನೆಯ ಗುಹೆಗೆ ಕರೆದೊಯ್ಯಬೇಕು. ಹದಿನೆಂಟು ಕೈಗಳ ನಟರಾಜನನ್ನು ನೋಡಿ ತಿರುಗಿ ಬರುವವರೇ ಬಹಳ. ಒಳಗೆ ಅರ್ಧನಾರೀಶ್ವರನ ದೊಡ್ಡ ಫಲಕವಿದೆ. ಅದರಲ್ಲಿ ನಂದಿಯ ಹತ್ತಿರ ಕೈಜೋಡಿಸಿ ನಿಂತಿರುವ ಅಸ್ಥಿಪಂಜರವೊಂದಿದೆ. ಅವನು ಭೃಂಗಿ. ಶಿವನನ್ನು ಮಾತ್ರ ಪೂಜಿಸುವೆ, ಪಾರ್ವತಿಗೆ ಪ್ರದಕ್ಷಿಣೆ ಬರಲಾರೆ ಎಂದು ಹಟ ಹಿಡಿದವನು. ಶಕ್ತಿ ಅವನಿಂದ ತನ್ನ ಪಾಲಾದ ರಕ್ತಮಾಂಸಗಳನ್ನು ಹಿಂದಕ್ಕೆ ಪಡೆದಳು, ಉಳಿದದ್ದು ಎಲುಬು. ಶಿವಪಾರ್ವತಿಯರು ಒಂದೇ ಮೈಯಾಗಿ ನಿಂತ ಮೂರ್ತಿಯ ಬದಿಯಲ್ಲೇ ಅವನನ್ನು ಕಡೆದ ಶಿಲ್ಪಿಯ ಅಭಿಪ್ರಾಯ ಸ್ಪಷ್ಟವಾಗಿದೆ. ತಾಯಿಯ ಪಾಲನ್ನು ಒಪ್ಪದವನಿಗೆ ಮೈಯೇ ಇಲ್ಲ. ಆರನೆಯ ಶತಮಾನದ ಆ ಕಲ್ಲಿನಲ್ಲಿ ಅಸ್ಥಿಪಂಜರವು ಹೆದರಿಸುವುದಕ್ಕಾಗಿ ನಿಂತಿಲ್ಲ, ತಿಳಿಹೇಳುವುದಕ್ಕಾಗಿ ನಿಂತಿದೆ.

ಚಾಮುಂಡಿಯ ವಿಚಾರವೂ ಹಾಗೆಯೇ. ಸಪ್ತಮಾತೃಕೆಯರ ಸಾಲಿನಲ್ಲಿ ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿಯರು ತುಂಬಿದ ಮೈಯವರು. ಚಾಮುಂಡಿ ಒಬ್ಬಳು ಸೊರಗಿದ ಮೈಯವಳು, ರುಂಡಮಾಲೆ ಧರಿಸಿದವಳು. ನಮ್ಮ ಚಾಲುಕ್ಯ ಅರಸರು ತಮ್ಮ ಶಾಸನಗಳಲ್ಲಿ ತಮ್ಮನ್ನು ಸಪ್ತಮಾತೃಕೆಯರು ಪೋಷಿಸಿದ ವಂಶದವರೆಂದು ಹೇಳಿಕೊಂಡರು. ಹಾಗೆ ಹೇಳುವಾಗ ಆರು ತಾಯಂದಿರನ್ನು ಮಾತ್ರ ಎಣಿಸಿ ಏಳನೆಯವಳನ್ನು ಬಿಡಲಿಲ್ಲ. ಹರ್ಷವರ್ಧನನನ್ನು ನರ್ಮದೆಯ ಬಳಿ ತಡೆದ ವಂಶವೊಂದು, ತನ್ನನ್ನು ಸಾಕಿದ ತಾಯಂದಿರಲ್ಲಿ ಒಬ್ಬಳು ಎಲುಬಿನ ಮೈಯವಳು ಎಂದು ಹೇಳಿಕೊಳ್ಳಲು ನಾಚಲಿಲ್ಲ.

ಆ ಕಾಲದಲ್ಲಿ ತಲೆಬುರುಡೆಯನ್ನು ಕಲ್ಲಿನಲ್ಲಿ ಕಡೆದದ್ದಷ್ಟೇ ಅಲ್ಲ, ಕೈಯಲ್ಲಿ ಹಿಡಿದು ತಿರುಗುವವರೂ ಇದ್ದರು. ಬ್ರಹ್ಮನ ಐದನೆಯ ತಲೆಯನ್ನು ಕಡಿದ ಶಿವನ ಕೈಗೆ ಆ ಕಪಾಲ ಅಂಟಿಕೊಂಡಿತು, ಅದನ್ನೇ ಭಿಕ್ಷಾಪಾತ್ರೆಯಾಗಿ ಹಿಡಿದು ಅವನು ಲೋಕ ಸುತ್ತಿ, ಕಾಶಿಯಲ್ಲಿ ಬಿಡುಗಡೆ ಪಡೆದ ಎಂಬ ಪುರಾಣಕಥೆ ನಿಮಗೆ ಗೊತ್ತಿದೆ. ಆ ವ್ರತವನ್ನು ಅನುಕರಿಸಿ ನರಕಪಾಲದಲ್ಲಿ ಉಣ್ಣುತ್ತಿದ್ದವರೇ ಕಾಪಾಲಿಕರು. ಇಮ್ಮಡಿ ಪುಲಕೇಶಿಯ ತಮ್ಮನ ಮಗನಾದ ನಾಗವರ್ಧನನು ಇಂದಿನ ನಾಸಿಕ ಜಿಲ್ಲೆಯ ಇಗತಪುರಿ ಪ್ರದೇಶದಲ್ಲಿ ಕಪಾಲೇಶ್ವರನ ಪೂಜೆಗೂ ಅಲ್ಲಿ ವಾಸಿಸುತ್ತಿದ್ದ ಮಹಾವ್ರತಿಗಳಿಗೂ ಒಂದು ಗ್ರಾಮವನ್ನು ದಾನ ಕೊಟ್ಟನೆಂದು ತಾಮ್ರಪಟ ಹೇಳುತ್ತದೆ. ಡೇವಿಡ್ ಲೊರೆನ್‌ಜೆನ್ ಎಂಬ ವಿದ್ವಾಂಸರು 1972ರಲ್ಲಿ ಕಾಪಾಲಿಕರನ್ನೂ ಕಾಳಾಮುಖರನ್ನೂ ಕುರಿತು ಬರೆದ ಗ್ರಂಥದಲ್ಲಿ ಈ ದಾನವನ್ನು ವಿವರವಾಗಿ ಚರ್ಚಿಸಿದ್ದಾರೆ.

ಹಾಗೆಂದು ಆ ಕಾಲದವರೆಲ್ಲ ತಲೆಬುರುಡೆಗೆ ತಲೆಬಾಗಿದರೆಂದು ತಿಳಿಯಬೇಡಿ. ಪುಲಕೇಶಿಯ ಬದ್ಧವೈರಿಯಾದ ಪಲ್ಲವ ದೊರೆ ಮಹೇಂದ್ರವರ್ಮನು ‘ಮತ್ತವಿಲಾಸ’ ಎಂಬ ಪ್ರಹಸನ ಬರೆದ. ಅದರ ನಾಯಕ ಕಾಂಚಿಯ ಬೀದಿಯಲ್ಲಿ ಕುಡಿದು ತೂರಾಡುವ ಒಬ್ಬ ಕಾಪಾಲಿಕ. ಅವನ ಕಪಾಲ ಕಳೆದುಹೋಗುತ್ತದೆ. ಬೌದ್ಧ ಭಿಕ್ಷುವೇ ಕದ್ದನೆಂದು ಜಗಳ ತೆಗೆಯುತ್ತಾನೆ. ಕಡೆಗೆ ನೋಡಿದರೆ, ಅದರಲ್ಲಿದ್ದ ಮಾಂಸದ ಆಸೆಗೆ ನಾಯಿಯೊಂದು ಕಚ್ಚಿಕೊಂಡು ಹೋಗಿರುತ್ತದೆ. ಹುಚ್ಚನೊಬ್ಬನ ಕೈಯಿಂದ ಅದು ಮರಳಿ ದೊರೆಯುತ್ತದೆ. ಎಲ್ಲವೂ ನಶ್ವರವೆಂದು ಸಾರುವ ಪಾತ್ರೆಯನ್ನು ಹಿಡಿದವನೇ ಆ ಪಾತ್ರೆ ಕಳೆದುಹೋದಾಗ ಬೀದಿಯಲ್ಲಿ ಗೋಳಾಡುತ್ತಾನೆ! ಸಾವಿನ ಸಂಕೇತವೂ ಮೋಹದ ವಸ್ತುವಾಗಬಹುದು ಎಂಬುದನ್ನು ಏಳನೆಯ ಶತಮಾನದ ಒಬ್ಬ ಅರಸ ನಗುನಗುತ್ತ ಹೇಳಿಬಿಟ್ಟ. ನನ್ನ ಶಿಷ್ಯನ ಗೋಡೆಯ ಚಿತ್ರಕ್ಕೂ ಈ ಮಾತಿಗೂ ಇರುವ ಸಂಬಂಧವನ್ನು ಮುಂದೆ ನೋಡೋಣ.

ಶೈವದ ಇನ್ನೊಂದು ಕವಲಾದ ಕಾಳಾಮುಖರು ನಮ್ಮ ನಾಡಿನಲ್ಲಿ ಬಹುಕಾಲ ಪ್ರಬಲರಾಗಿದ್ದರು. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವನ್ನು ಓದಿದರೆ ಅಲ್ಲಿ ಕಾಣುವುದು ವ್ಯಾಕರಣ, ದರ್ಶನಗಳ ಪಾಠ, ಬಡವರಿಗೆ ಅನ್ನ, ರೋಗಿಗಳಿಗೆ ಔಷಧ. ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಶರಣರ ಚಳವಳಿ ಬೆಳೆಯಿತು. ಆ ಪರಂಪರೆಯಲ್ಲಿ ತಲೆಬುರುಡೆಗೆ ಸ್ಥಾನವೇ ಇಲ್ಲವಾಯಿತು. ಅದರ ಸ್ಥಾನದಲ್ಲಿ ಏನು ಉಳಿಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ಸಮುದ್ರದಾಚೆಗೆ ಹೋಗೋಣ. ತಲೆಬುರುಡೆ ಮುದ್ರಿತ ಚಿತ್ರವಾಗಿ ಮನೆಮನೆಗೆ ಬಂದದ್ದು ಯುರೋಪಿನಲ್ಲಿ. 1347ರಿಂದ 1351ರವರೆಗಿನ ಮಹಾ ಪ್ಲೇಗಿನಲ್ಲಿ ಆ ಖಂಡದ ಜನರಲ್ಲಿ ಮೂರರಲ್ಲೊಂದು ಪಾಲಾದರೂ ಸತ್ತರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಮುಂದಿನ ಶತಮಾನದಲ್ಲಿ ಗೋಡೆಗಳ ಮೇಲೆ ‘ಸಾವಿನ ಕುಣಿತ’ದ ಚಿತ್ರಗಳು ಹುಟ್ಟಿದವು, ಪ್ಯಾರಿಸ್ಸಿನ ಒಂದು ಸ್ಮಶಾನದ ಗೋಡೆಯ ಮೇಲೆ 1424–25ರಲ್ಲಿ ಬರೆದದ್ದು ಅವುಗಳಲ್ಲಿ ಪ್ರಸಿದ್ಧ. ಅಸ್ಥಿಪಂಜರವೊಂದು ಪೋಪನ ಕೈಹಿಡಿಯುತ್ತದೆ, ರಾಜನ ಕೈಹಿಡಿಯುತ್ತದೆ, ಒಕ್ಕಲಿಗನ ಕೈಹಿಡಿಯುತ್ತದೆ.

ಆದರೆ ಗೋಡೆಯ ಚಿತ್ರ ಗೋಡೆಯಲ್ಲೇ ಇರುತ್ತದೆ. ಮರದ ಅಚ್ಚು ಬಂದ ಮೇಲೆ ಸಾವು ಕಾಗದದ ಮೇಲೆ ಊರೂರು ತಿರುಗತೊಡಗಿತು. ಹಾನ್ಸ್ ಹೋಲ್‌ಬೈನ್ ಎಂಬ ಚಿತ್ರಕಾರ ಬರೆದ ಸಾವಿನ ಚಿತ್ರಮಾಲೆಯನ್ನು ಹಾನ್ಸ್ ಲುಟ್ಸೆಲ್‌ಬರ್ಗರ್ ಎಂಬ ಕುಶಲಕರ್ಮಿ ಅಂಗೈಗಿಂತ ಚಿಕ್ಕದಾದ ಮರದ ತುಂಡುಗಳ ಮೇಲೆ ಕೆತ್ತಿದ. ಕೆತ್ತುತ್ತಿದ್ದಾಗಲೇ, 1526ರಲ್ಲಿ, ಅವನೇ ತೀರಿಕೊಂಡ. 1538ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ 41 ಚಿತ್ರಗಳೊಡನೆ ಪುಸ್ತಕ ಹೊರಬಂತು. ಉಳುವವನ ಚಿತ್ರದಲ್ಲಿ ಸಾವು ಕುದುರೆಗಳನ್ನು ಹೊಡೆಯುತ್ತ ನೇಗಿಲಿನ ಜೊತೆ ಓಡುತ್ತದೆ. ದೂರದಲ್ಲಿ ಸೂರ್ಯ ಮುಳುಗುತ್ತಿದ್ದಾನೆ. ನಮ್ಮ ಮುದುಕರು ಆ ಚಿತ್ರವನ್ನು ನೋಡಿದ್ದರೆ ವಿವರಣೆ ಕೇಳುತ್ತಿರಲಿಲ್ಲ. ಅದೇ ಕಾಲದ ಆಲ್ಬ್ರೆಖ್ಟ್ ಡ್ಯೂರರ್ 1514ರಲ್ಲಿ ಲೋಹದ ತಗಡಿನ ಮೇಲೆ ಕೊರೆದು ಮುದ್ರಿಸಿದ ಸಂತ ಜೆರೋಮನ ಚಿತ್ರದಲ್ಲಿ ಕಿಟಕಿಯ ಕಟ್ಟೆಯ ಮೇಲೆ ಒಂದು ತಲೆಬುರುಡೆ ಬಿಸಿಲು ಕಾಯಿಸುತ್ತ ಕುಳಿತಿದೆ. ಸಂತ ಬರೆಯುತ್ತಿದ್ದಾನೆ, ಮುಂದೆ ಸಿಂಹವೂ ನಾಯಿಯೂ ಮಲಗಿವೆ. ಹೆದರಿಕೆಯ ಸುಳಿವೇ ಇಲ್ಲ. ಓದುವ ಕೋಣೆಯಲ್ಲಿ ಗಡಿಯಾರ ಇದ್ದ ಹಾಗೆ ಬುರುಡೆ ಇದೆ. ಈ ಚಿತ್ರವನ್ನು ನೆನಪಿನಲ್ಲಿಡಿ.

ಮೆಕ್ಸಿಕೊ ದೇಶದ ಹೊಸೆ ಗ್ವಾದಲೂಪೆ ಪೊಸಾದನ ಕತೆ ನನಗೆ ಬಹಳ ಪ್ರಿಯವಾದದ್ದು. 1852ರಲ್ಲಿ ಹುಟ್ಟಿದ ಈತ ಬೀದಿಯಲ್ಲಿ ಕಾಸಿಗೆ ಮಾರುವ ಅಗ್ಗದ ಹಾಳೆಗಳಿಗೆ ಚಿತ್ರ ಕೊರೆಯುತ್ತಿದ್ದ. ಸತ್ತವರ ಹಬ್ಬದ ದಿನಗಳಲ್ಲಿ ಅವನ ಅಸ್ಥಿಪಂಜರಗಳು ಸೈಕಲ್ಲು ಹೊಡೆದವು, ಕುಣಿದವು, ಕುಡಿದವು, ಸಂಸಾರ ಹೂಡಿದವು. ಗರಿಗಳ ದೊಡ್ಡ ಟೊಪ್ಪಿಗೆ ಹಾಕಿಕೊಂಡು ಹಲ್ಲು ಕಿರಿಯುವ ಅವನ ‘ಕತ್ರಿನಾ’ ಎಂಬ ಬುರುಡೆಸುಂದರಿ, ತಮ್ಮ ಮೂಲವನ್ನು ಮರೆತು ಪರದೇಶದ ಥಳಕಿಗೆ ಮಾರುಹೋದವರ ಅಣಕ. ಇಂದು ಆಕೆಯ ಚಿತ್ರ ಲೋಕವೆಲ್ಲ ಮಾರಾಟವಾಗುತ್ತದೆ. ಪೊಸಾದ ಮಾತ್ರ 1913ರಲ್ಲಿ ಬಡತನದಲ್ಲಿ ಸತ್ತ. ಅವನನ್ನು ಹೂಳಿದ ಪುಕ್ಕಟೆ ಗುಂಡಿಗೆ ಏಳು ವರ್ಷಗಳಾದರೂ ವಾರಸುದಾರರು ಬರಲಿಲ್ಲವೆಂದು ಎಲುಬುಗಳನ್ನು ಅಗೆದು ಸಾಮೂಹಿಕ ಗುಂಡಿಗೆ ಹಾಕಿದರು. ಜೀವನವಿಡೀ ಬುರುಡೆಗಳನ್ನು ಬರೆದವನ ಬುರುಡೆ ಯಾವುದೆಂದು ಈಗ ಯಾರೂ ಹೇಳಲಾರರು.

ಇದಾದ ಮೇಲೆ ತಲೆಬುರುಡೆ ಕಾಸಿನ ಹಾಳೆಯಿಂದ ಶ್ರೀಮಂತರ ಗೋಡೆಗೆ ಏರಿತು. ಅಮೆರಿಕದ ಆಂಡಿ ವಾರ್‌ಹಾಲ್ 1968ರ ಜೂನ್ 3ರಂದು ಗುಂಡೇಟು ತಿಂದು ಸಾವಿನ ಅಂಚಿನಿಂದ ಹಿಂತಿರುಗಿ ಬಂದವರು. 1976ರಲ್ಲಿ ಪ್ಯಾರಿಸ್ಸಿನ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಬುರುಡೆಯೊಂದನ್ನು ಆಧರಿಸಿ ಅವರು ಚಿತ್ರಗಳನ್ನೂ ಮುದ್ರಣಗಳನ್ನೂ ಮಾಡಿದರು. ಬುರುಡೆಯ ಚಿತ್ರವೆಂದರೆ ಲೋಕದ ಪ್ರತಿಯೊಬ್ಬರ ಭಾವಚಿತ್ರ ಎಂಬ ಅರ್ಥದ ಮಾತನ್ನು ಅವರ ಸಹಾಯಕರೊಬ್ಬರು ಹೇಳಿದ್ದುಂಟು. ಇಂಗ್ಲೆಂಡಿನ ಡೇಮಿಯನ್ ಹರ್ಸ್ಟ್ 2007ರಲ್ಲಿ ಹದಿನೆಂಟನೆಯ ಶತಮಾನದ ಮನುಷ್ಯನೊಬ್ಬನ ಬುರುಡೆಯ ಅಚ್ಚನ್ನು ಪ್ಲಾಟಿನಮ್ಮಿನಲ್ಲಿ ಎರಕ ಹೊಯ್ಸಿ, ಅದಕ್ಕೆ 8,601 ವಜ್ರಗಳನ್ನು ಕೂಡಿಸಿದರು. ಹಲ್ಲುಗಳು ಮಾತ್ರ ಆ ಸತ್ತವನವೇ. ಐದು ಕೋಟಿ ಪೌಂಡುಗಳಿಗೆ ಮಾರಾಟವಾಯಿತೆಂದು ಆ ವರ್ಷ ಸುದ್ದಿಯಾಯಿತು. ಅದು ನಿಜವಾಗಿ ಮಾರಾಟವಾಗಿಯೇ ಇರಲಿಲ್ಲ, ಲಂಡನ್ನಿನ ಉಗ್ರಾಣದಲ್ಲಿದೆ ಎಂದು 2022ರಲ್ಲಿ ಸ್ವತಃ ಕಲಾವಿದರೇ ಹೇಳಿದರು. ಆದರೆ ಆ ಬುರುಡೆಯ ಚಿತ್ರಗಳು, ಕೆಲವಕ್ಕೆ ವಜ್ರದ ಪುಡಿ ಎರಚಿ ಮುದ್ರಿಸಿದವು, ಸಂಖ್ಯೆ ಹಾಕಿಸಿಕೊಂಡು ಸಂಗ್ರಾಹಕರ ಮನೆಗಳನ್ನು ಸೇರಿದವು.

ಆ ಸಂಖ್ಯೆಯ ವಿಚಾರವನ್ನು ನನ್ನ ಶಿಷ್ಯನೇ ನನಗೆ ವಿವರಿಸಿದ. ಪರದೆಯ ಮೂಲಕ ಬಣ್ಣವನ್ನು ಒತ್ತಿ ಕಾಗದದ ಮೇಲೆ ಇಳಿಸುವುದು ಈ ಮುದ್ರಣದ ಕ್ರಮ. ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ, ಚೀಲಗಳನ್ನು ಅಚ್ಚು ಹಾಕುತ್ತಿದ್ದುದೂ ಇದೇ ರೀತಿಯಲ್ಲಿ. ಬೇಕಾದರೆ ಹತ್ತು ಸಾವಿರ ಪ್ರತಿ ತೆಗೆಯಬಹುದು. ಆದರೆ ಕಲಾವಿದ ನೂರೈವತ್ತಕ್ಕೆ ನಿಲ್ಲಿಸುತ್ತಾನೆ, ಒಂದೊಂದಕ್ಕೂ ಸಂಖ್ಯೆ ಬರೆದು ರುಜು ಹಾಕುತ್ತಾನೆ, ಆಮೇಲೆ ಅಚ್ಚನ್ನು ಅಳಿಸಿಬಿಡುತ್ತಾನೆ. ವಿರಳವಾದದ್ದಕ್ಕೆ ಬೆಲೆ. ಇದನ್ನು ಓದಿದಾಗ ನನಗೆ ‘ಮತ್ತವಿಲಾಸ’ದ ಕಾಪಾಲಿಕ ನೆನಪಾದ. ಲೋಕದಲ್ಲಿ ಎಲ್ಲರಿಗೂ ತಪ್ಪದೆ ದೊರೆಯುವ ವಸ್ತು ಒಂದೇ. ಅದಕ್ಕೆ ಸಂಖ್ಯೆ ಹಾಕಿ, ಇದು ನೂರೈವತ್ತು ಜನರಿಗೆ ಮಾತ್ರ ಎಂದು ಮಾರುವುದು ಮನುಷ್ಯನ ಜಾಣತನವೋ ಮರೆವೋ ತಿಳಿಯದು. ಹೀಗೆ ಬರೆದದ್ದಕ್ಕೆ ಅವನು ಬೇಸರಪಟ್ಟುಕೊಳ್ಳಬಾರದು. ನಾನೂ ವೃತ್ತಿಯುದ್ದಕ್ಕೂ ಅಂಚೆಚೀಟಿ ಸಂಗ್ರಹಿಸಿದವನೇ.

ನಮ್ಮಲ್ಲಿ ಇಂಥ ಮುದ್ರಿತ ಚಿತ್ರಗಳು ಇರಲಿಲ್ಲವೇ? ಇದ್ದವು, ಅದೂ ಅಗ್ಗವಾಗಿ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಸ್ಥಾಪಿಸಿದ ಮೇಲೆ ದೇವರುಗಳು ಬಣ್ಣದ ಕಾಗದದಲ್ಲಿ ಬಡವರ ಗೋಡೆಗೂ ಬಂದರು. ಲಕ್ಷ್ಮಿ ಸರಸ್ವತಿಯರ ಜೊತೆಗೆ ರುಂಡಮಾಲೆಯ ಕಾಳಿಯೂ ಬಂದಳು. ಆ ಹಳೆಯ ಪ್ರತಿಗಳನ್ನು ಈಗ ಸಂಗ್ರಾಹಕರು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ನಮ್ಮ ಗುಲಬರ್ಗದವರೇ ಆದ ಎಸ್. ಎಂ. ಪಂಡಿತ್ (1916–1993) ಅವರು ಬರೆದ ಪುರಾಣಚಿತ್ರಗಳು ಕ್ಯಾಲೆಂಡರುಗಳಾಗಿ ದೇಶದ ತುಂಬ ತೂಗಾಡಿದವು.

ನನ್ನ ಬಾಲ್ಯದ ಬನಶಂಕರಿ ಜಾತ್ರೆ ನೆನಪಾಗುತ್ತದೆ. ಬನದ ಹುಣ್ಣಿಮೆಯ ತೇರು, ರಾತ್ರಿಯಿಡೀ ನಾಟಕ ಕಂಪನಿಗಳ ಹಾಡು, ಬಳೆ, ಬೆಂಡು ಬೆತ್ತಾಸು. ಆ ಅಂಗಡಿಗಳ ನಡುವೆ ಕಟ್ಟು ಹಾಕಿದ ಪಟಗಳನ್ನು ಮಾರುವವನೊಬ್ಬ ಕೂಡುತ್ತಿದ್ದ. ಅವನಲ್ಲಿ ಯಮಲೋಕದ ಪಟವೊಂದು ಇರುತ್ತಿತ್ತು. ಸುಳ್ಳು ಹೇಳಿದವನ ನಾಲಿಗೆ ಕೀಳುವುದು, ಕಳ್ಳನನ್ನು ಎಣ್ಣೆಯಲ್ಲಿ ಕಾಯಿಸುವುದು, ಚಿತ್ರಗುಪ್ತನ ಲೆಕ್ಕದ ಪುಸ್ತಕ. ಪಟ ಕೊಳ್ಳಲು ಹಣವಿಲ್ಲದ ನಾವು ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನಮ್ಮ ನಮ್ಮ ಪಾಪಗಳಿಗೆ ತಕ್ಕ ಶಿಕ್ಷೆಯನ್ನು ಹುಡುಕುತ್ತಿದ್ದೆವು. ನಮ್ಮವ್ವ ಒಮ್ಮೆ ಅದನ್ನು ನೋಡಿ, “ನೋಡಿ ತಿಳಕೊಳ್ಳಾಕ ಛಲೋ, ಮನಿಗೆ ಒಯ್ಯಾಕಲ್ಲ” ಎಂದು ನನ್ನ ಕೈಹಿಡಿದು ಎಬ್ಬಿಸಿದ್ದಳು. ಅಕ್ಷರ ಬಾರದ ನನ್ನ ತಾಯಿಯ ಆ ಮಾತಿನಲ್ಲಿ ನನ್ನ ಶಿಷ್ಯನ ಪ್ರಶ್ನೆಗೆ ಅರ್ಧ ಉತ್ತರವಿದೆಯೆಂದು ಈಗ ತೋರುತ್ತದೆ.

ಇತ್ತೀಚಿನ ಒಂದು ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾರೆ. ಬಿಹಾರದಲ್ಲಿ ಹುಟ್ಟಿದ ಸುಬೋಧ್ ಗುಪ್ತಾ ಎಂಬ ಕಲಾವಿದರು 2006ರಲ್ಲಿ ಬೃಹತ್ತಾದ ತಲೆಬುರುಡೆಯೊಂದನ್ನು ಮಾಡಿದರು. ಅದು ಪೂರ್ತಿ ನಮ್ಮ ಅಡುಗೆಮನೆಯ ಸ್ಟೀಲ್ ಪಾತ್ರೆಗಳಿಂದ ಕಟ್ಟಿದ್ದು. ಅದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ ‘ಬಹಳ ಹಸಿದ ದೇವರು’. ಮೊದಲು ಪ್ಯಾರಿಸ್ಸಿನ ಚರ್ಚೊಂದರಲ್ಲಿ, ಮರುವರ್ಷ ವೆನಿಸ್ ನಗರದ ಕಾಲುವೆಯ ದಂಡೆಯಲ್ಲಿ ಅದು ನಿಂತಿತು. ಊಟದ ತಟ್ಟೆ ಲೋಟಗಳನ್ನೇ ಬುರುಡೆ ಮಾಡಿದ ಆ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ ನನಗೆ ಕಾಪಾಲಿಕರ ಭಿಕ್ಷಾಪಾತ್ರೆಯೇ ಮರಳಿ ಬಂದಂತೆ ಕಂಡಿತು. ಹಸಿವೂ ಸಾವೂ ಒಂದೇ ಬಾಯಿಯವು.

ಇನ್ನು ಶಿವಯೋಗ ಮಂದಿರಕ್ಕೆ ಬರುತ್ತೇನೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಈ ಸಂಸ್ಥೆ ಮಠಗಳಿಗೆ ಸ್ವಾಮಿಗಳನ್ನು ಸಿದ್ಧಗೊಳಿಸುವ ವಿದ್ಯಾಕೇಂದ್ರವೆಂದು ನಿಮಗೆಲ್ಲ ಗೊತ್ತು. ಅಲ್ಲಿ ತಯಾರಾಗುವ ವಿಭೂತಿ ನಾಡಿನಲ್ಲೆಲ್ಲ ಹೆಸರಾದುದು. ಹಸುವಿನ ಸಗಣಿಯನ್ನು ಒಣಗಿಸಿ, ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ತಿಳಿ ತೆಗೆದು, ಗಟ್ಟಿ ಕಟ್ಟುತ್ತಾರೆ. ಬೆಂಕಿ ಮುಟ್ಟಿದ ಮೇಲೆ ಇನ್ನು ಸುಡುವುದಕ್ಕೆ ಏನೂ ಉಳಿಯದ ವಸ್ತು ಅದು. ಪ್ರತಿದಿನ ಬೆಳಿಗ್ಗೆ ಅದನ್ನು ಹಣೆಗೆ ಹಚ್ಚಿಕೊಳ್ಳುವವನು, ತಿಳಿದೋ ತಿಳಿಯದೆಯೋ, ಈ ದೇಹದ ಕಡೆಯ ಲೆಕ್ಕವನ್ನು ಅದರ ಮುಂದಿನ ಪುಟದಲ್ಲೇ ಬರೆದುಕೊಳ್ಳುತ್ತಾನೆ. ತಲೆಬುರುಡೆಯ ಸ್ಥಾನದಲ್ಲಿ ನಮ್ಮಲ್ಲಿ ಉಳಿದದ್ದು ಇದು. ಬುರುಡೆಯನ್ನು ಎದುರಿಗಿಟ್ಟು ನೋಡಬೇಕು. ಬೂದಿಯನ್ನು ತಾನೇ ಧರಿಸಬೇಕು. ಅದಕ್ಕೆ ಸಂಖ್ಯೆಯಿಲ್ಲ, ರುಜುವಿಲ್ಲ, ಬೆವರು ಬಂದರೆ ಅಳಿಸಿ ಹೋಗುತ್ತದೆ. ನಾಳೆ ಮತ್ತೆ ಹಚ್ಚಿಕೊಳ್ಳಬೇಕು.

ಕುಮಾರ ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆ ಅಲ್ಲಿಯೇ ಇದೆ. ನಮ್ಮ ಭಾಗದಲ್ಲಿ ಲಿಂಗವಂತರನ್ನು ಕೂಡಿಸಿ ಮಣ್ಣು ಮಾಡುವ ಪದ್ಧತಿ, ಮಲಗಿಸುವುದಿಲ್ಲ. ಗದ್ದುಗೆಯ ಮುಂದೆ ಕುಳಿತ ಭಕ್ತ ಎಲುಬುಗಳನ್ನು ನೆನೆಯುವುದಿಲ್ಲ, ಕುಳಿತಿರುವ ಒಬ್ಬ ಹಿರಿಯರನ್ನು ನೆನೆಯುತ್ತಾನೆ. “ಶರಣರ ಗುಣವನ್ನು ಮರಣದಲ್ಲಿ ನೋಡು” ಎಂಬ ಗಾದೆ ಹುಟ್ಟಿದ್ದು ಇಂಥ ನೆಲದಲ್ಲಿ.

ಈಗ ನನ್ನ ಶಿಷ್ಯನಿಗೆ ಉತ್ತರ.

ತಮ್ಮಾ, ನೀನು ಗೋಡೆಗೆ ಹಾಕಿದ್ದು ಅಶುಭವಲ್ಲ. ನಿನ್ನ ಊರಿನ ಅರಸರು ಅಂಥದೇ ಮೈಯವಳನ್ನು ತಾಯಿ ಎಂದು ಕರೆದರು, ನಿನ್ನ ಊರಿನ ಶಿಲ್ಪಿಗಳು ಅದನ್ನು ದೇವರ ಪಕ್ಕದಲ್ಲಿ ನಿಲ್ಲಿಸಿದರು. ಅದನ್ನು ಕೊಂಡದ್ದಕ್ಕೆ ನೀನು ನಾಚಬೇಕಾಗಿಲ್ಲ. ಆದರೆ ಒಂದು ವಿಷಯವನ್ನು ಗಮನಿಸು. ಮಹಾಕೂಟದವರು ಆ ಎಲುಬಿನ ಮೂರ್ತಿಗಳನ್ನು ಬಾಗಿಲಲ್ಲಿ ನಿಲ್ಲಿಸಿದರು, ಗರ್ಭಗುಡಿಯಲ್ಲಿ ಅಲ್ಲ. ಡ್ಯೂರರ್ ಬುರುಡೆಯನ್ನು ಓದುವ ಕೋಣೆಯ ಕಿಟಕಿಯಲ್ಲಿಟ್ಟ, ಉಣ್ಣುವ ಮೇಜಿನ ಮೇಲೆ ಅಲ್ಲ. ನನ್ನವ್ವ ಯಮಪಟವನ್ನು ಜಾತ್ರೆಯಲ್ಲಿ ನೋಡಗೊಟ್ಟಳು, ಮನೆಗೆ ತರಗೊಡಲಿಲ್ಲ. ಸಾವಿನ ಚಿತ್ರಕ್ಕೂ ಒಂದು ಸ್ಥಳವಿದೆ ಎಂಬುದನ್ನು ಹಿಂದಿನವರು ಬಲ್ಲವರಾಗಿದ್ದರು.

ಇನ್ನೊಂದು ಮಾತು. ಸಾವನ್ನು ನೆನಪಿಸುವ ಚಿತ್ರ ಯಾರಿಗೆ ಬೇಕು? ಅದನ್ನು ಮರೆತವರಿಗೆ ಬೇಕು. ನಿನ್ನ ತಂದೆ ಮರೆತವರಲ್ಲ. 1984ರ ಆ ಶ್ರಾವಣದಲ್ಲಿ ಮಳೆಯಲ್ಲಿ ನೆನೆಯುತ್ತ ನಿನ್ನ ತಾಯಿಗೆ ಮೊದಲ ಹಿಡಿ ಮಣ್ಣು ಕೊಟ್ಟವರು ಅವರು; ನಾನು ಅಲ್ಲಿದ್ದೆ, ನೋಡಿದ್ದೇನೆ. ಮರುದಿನದಿಂದ ನಿನಗೆ ರೊಟ್ಟಿ ಬಡಿದು ಶಾಲೆಗೆ ಕಳುಹಿಸಿದವರೂ ಅವರೇ. ನೀನು ಸಾವಿರ ಡಾಲರುಗಳನ್ನು ಕೊಟ್ಟು ಗೋಡೆಗೆ ತೂಗುಹಾಕಿದ್ದನ್ನು ಅವರು ನಲವತ್ತು ವರ್ಷಗಳಿಂದ ಎದೆಯಲ್ಲಿಟ್ಟುಕೊಂಡು ಬಂದಿದ್ದಾರೆ. ಊಟಕ್ಕೆ ಕುಳಿತಾಗಲಾದರೂ ಅದನ್ನು ಕೆಳಗಿಡಬೇಕೆನಿಸಿದರೆ ಅದು ಮೂಢನಂಬಿಕೆಯಲ್ಲ. ಚಿತ್ರವನ್ನು ನಿನ್ನ ಓದುವ ಕೋಣೆಗೆ ಒಯ್ಯು. ಅದು ಅಲ್ಲಿ ಕಡಿಮೆಯಾಗುವುದಿಲ್ಲ.

ಕೊನೆಯದಾಗಿ, ಆ ದಿನ ನೀನು ಕೇಳಿದ ಪ್ರಶ್ನೆಗೆ ಉತ್ತರ. ಹೌದು, ಮಣ್ಣಿನಲ್ಲಿಟ್ಟ ಮೇಲೆ ಎಲ್ಲರೂ ಹಾಗೆ ಆಗುತ್ತಾರೆ. ನಿನ್ನ ತಾಯಿ ಆಗಿದ್ದಾರೆ, ಇನ್ನು ಕೆಲವು ವರ್ಷಗಳಲ್ಲಿ ನಾನೂ ಆಗುತ್ತೇನೆ. ಅದನ್ನು ಅಂದೇ ಹೇಳಿ, ನಿನ್ನ ಪಕ್ಕದಲ್ಲಿ ಆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗಿತ್ತು. ಹನ್ನೆರಡು ಹದಿಮೂರು ವಯಸ್ಸಿನ ಹುಡುಗನಿಗೆ ಇದನ್ನು ಹೇಳಬಾರದೆಂದು ನಾನು ತಿಳಿದದ್ದು ತಪ್ಪು. ಅವನು ಆಗಲೇ ತಿಳಿದಿದ್ದ; ಜೊತೆಗೆ ಯಾರಾದರೂ ಬೇಕಾಗಿತ್ತು, ಅಷ್ಟೇ. ಗುರುವಾಗಿ ನಾನು ಅಂದು ಹೆದರಿದೆ. ಅದಕ್ಕಾಗಿ ಕ್ಷಮೆಯಿರಲಿ.

ಈ ಬರಹವನ್ನು ಪ್ರಕಟಿಸುವ ಮುನ್ನ ಅವನಿಗೆ ಓದಲು ಕಳುಹಿಸಿದ್ದೆ. ಎರಡು ದಿನಗಳ ನಂತರ ಉತ್ತರ ಬಂದಿತು. ಚಿತ್ರ ಈಗ ಅವನ ಓದುವ ಕೋಣೆಯಲ್ಲಿದೆಯಂತೆ. ತಂದೆ ಪಡಸಾಲೆಯಲ್ಲಿ ಊಟಕ್ಕೆ ಕುಳಿತರಂತೆ. ಊಟವಾದ ಮೇಲೆ ತಾವಾಗಿಯೇ, ಆಕೆ ತೀರಿಕೊಂಡ ವರ್ಷದ ಮಳೆಯ ವಿಷಯ ತೆಗೆದರಂತೆ. ತಂದೆ ಮಗ ಬಹಳ ಹೊತ್ತು ಮಾತನಾಡಿದರೆಂದು ಬರೆದಿದ್ದಾನೆ. ಏನು ಮಾತನಾಡಿದರೆಂದು ಬರೆದಿಲ್ಲ, ನಾನೂ ಕೇಳಿಲ್ಲ.

ಬರುವ ಬನಶಂಕರಿ ಜಾತ್ರೆಗೆ ಇಬ್ಬರೂ ಊರಿಗೆ ಬರುವವರಿದ್ದಾರೆ. ಮೊಣಕಾಲು ಸಹಕರಿಸಿದರೆ ಮಹಾಕೂಟಕ್ಕೆ ನಾನೂ ಹೋಗುವೆನೆಂದು ಹೇಳಿದ್ದೇನೆ. ಆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಹೋಗೋಣವೆಂದು ಮಾತಾಗಿದೆ.

ಎಲ್ಲರಿಗೂ ಶುಭವಾಗಲಿ.